ಮುಟ್ಟಿನ ಲೆಕ್ಕ ಕೈಕೊಟ್ಟಾಗ: ಪಿಸಿಒಎಸ್ ಇದ್ದ ಒಬ್ಬ ಗರ್ಭಿಣಿಯ ಪ್ರಕರಣ

27 ವರ್ಷದ ಶಾಲಾ ಶಿಕ್ಷಕಿ, ತಿಪಟೂರು ಸೀಮೆಯ ಹಳ್ಳಿಯವರು, ಮದುವೆಯಾಗಿ ಮೂರು ವರ್ಷ, ಮೊದಲ ಬಸಿರು. ಕೊನೆಯ ಮುಟ್ಟಿನಿಂದ ಎಣಿಸಿದರೆ ಒಂಬತ್ತು ವಾರ ದಾಟಿತ್ತು. ಸ್ಕ್ಯಾನಿನಲ್ಲಿ ಕಂಡದ್ದು ಗರ್ಭಚೀಲ ಮಾತ್ರ, ಭ್ರೂಣ ಕಂಡಿರಲಿಲ್ಲ. ಬೆಳವಣಿಗೆ ನಿಂತಿದೆ, ಮಾತ್ರೆ ತೆಗೆದುಕೊಂಡು ಸ್ವಚ್ಛ ಮಾಡಿಸಿಕೊಳ್ಳಿ ಎಂದು ಒಂದು ಕಡೆ ಹೇಳಿ ಕಳುಹಿಸಿದ್ದರು. ಇನ್ನೊಬ್ಬರನ್ನೂ ಕೇಳಿಬಿಡೋಣ ಎಂದು ಗಂಡ ಹೆಂಡತಿ ನಮ್ಮಲ್ಲಿಗೆ ಬಂದರು. ಆಕೆಗೆ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂಡಾಶಯದ ಕೆಲಸ ಕೆಡಿಸುವ ಹಾರ್ಮೋನ್ ಏರುಪೇರು) ಇದೆ ಎಂಬ ಮಾತು ಸ್ಕ್ಯಾನ್ ವರದಿಯಲ್ಲಾಗಲಿ ಸಲಹೆಯ ಚೀಟಿಯಲ್ಲಾಗಲಿ ಇರಲಿಲ್ಲ.

ಪಿಸಿಒಎಸ್ ಎಂದರೆ ಗರ್ಭ ನಿಲ್ಲುವುದಕ್ಕೆ ಇರುವ ತೊಡಕು, ನಿಂತ ಮೇಲೆ ಅದರ ಮಾತು ಮುಗಿಯಿತು ಎಂಬ ನಂಬಿಕೆ ಮನೆಗಳಲ್ಲಿದೆ. ಎಷ್ಟೋ ವೈದ್ಯರ ಕಡತಗಳಲ್ಲೂ ಹಾಗೆಯೇ ಆಗುತ್ತದೆ: ಪರೀಕ್ಷೆಯಲ್ಲಿ ಎರಡು ಗೆರೆ ಮೂಡಿದ ದಿನದಿಂದ ಆ ಪದ ಕಾಣೆಯಾಗುತ್ತದೆ. ಅದು ಕಾಣೆಯಾದರೆ ಏನೇನು ತಪ್ಪಬಹುದು ಎಂಬುದನ್ನು ಈ ಒಂದು ಗರ್ಭ ಮೊದಲಿನಿಂದ ಕೊನೆಯವರೆಗೆ ತೋರಿಸಿತು. ಗುರುತು ಸಿಗಬಾರದೆಂದು ಒಂದಕ್ಕಿಂತ ಹೆಚ್ಚು ಗರ್ಭಿಣಿಯರ ವಿವರಗಳನ್ನು ಇಲ್ಲಿ ಒಂದಾಗಿಸಿದ್ದೇನೆ, ದಿನಾಂಕಗಳನ್ನೂ ಬದಲಿಸಿದ್ದೇನೆ.

ಹಿನ್ನೆಲೆ

ಹದಿನೈದನೆಯ ವಯಸ್ಸಿನಿಂದಲೂ ಆಕೆಗೆ ಮುಟ್ಟು 45 ದಿನಕ್ಕೊಮ್ಮೆ, ಕೆಲವೊಮ್ಮೆ 90 ದಿನಕ್ಕೊಮ್ಮೆ. ಗಲ್ಲದ ಮೇಲೆ ಒರಟು ಕೂದಲು. ತಿಂಗಳಿಗೆ ಎರಡು ಸಲ ಪಾರ್ಲರಿಗೆ ಹೋಗಿ ತೆಗೆಸುತ್ತಿದ್ದರು. ಕತ್ತಿನ ಹಿಂದೆ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಪಟ್ಟಿ. ಅದನ್ನು ಕೊಳೆಯೆಂದು ತಿಳಿದು ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ವರ್ಷಗಟ್ಟಲೆ ಉಜ್ಜಿದ್ದರು. ಅದು ಕೊಳೆಯಲ್ಲ. ದೇಹ ಇನ್ಸುಲಿನ್ನಿನ ಮಾತು ಕೇಳುತ್ತಿಲ್ಲ ಎಂಬುದರ ಗುರುತು. ಉಜ್ಜಿದರೆ ಚರ್ಮ ಇನ್ನಷ್ಟು ಕಪ್ಪಾಗುತ್ತದೆ. ಮದುವೆಯ ಎರಡನೆಯ ವರ್ಷ ಸ್ಕ್ಯಾನ್ ಮಾಡಿಸಿದಾಗ ಎರಡೂ ಅಂಡಾಶಯಗಳಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಕಂಡವು. 2003ರ ರಾಟರ್‌ಡ್ಯಾಮ್ ಮಾನದಂಡದ ಪ್ರಕಾರ ಮೂರು ಲಕ್ಷಣಗಳಲ್ಲಿ ಎರಡಿದ್ದರೆ ಪಿಸಿಒಎಸ್: ಅನಿಯಮಿತ ಮುಟ್ಟು, ಗಂಡು ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿನಲ್ಲಿ ಕಾಣುವ ಅಂಡಾಶಯದ ಬದಲಾವಣೆ. ಥೈರಾಯ್ಡ್‌ನಂತಹ ಬೇರೆ ಕಾರಣಗಳಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಆಕೆಗೆ ಮೂರೂ ಇದ್ದವು.

ಇದು ಅಪರೂಪದ ಕಾಯಿಲೆಯೇನಲ್ಲ. ಹೆರುವ ವಯಸ್ಸಿನ ಹೆಂಗಸರಲ್ಲಿ ಶೇ 10ರಿಂದ 13ರಷ್ಟು ಮಂದಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಶೇ 70ರವರೆಗಿನ ಮಂದಿಗೆ ತಮಗೆ ಇದಿದೆ ಎಂಬುದೇ ಗೊತ್ತಿಲ್ಲ.

ಅತ್ತೆಯವರಿಗೆ ಒಂದೇ ಭಯ. “ಹೊಟ್ಟೆಯಲ್ಲಿ ಅಷ್ಟೊಂದು ಗಡ್ಡೆ ಇವೆಯಂತಲ್ಲ ಡಾಕ್ಟರಮ್ಮ, ಮಗುವನ್ನು ಒತ್ತುವುದಿಲ್ಲವೇ?” ಅವು ಗಡ್ಡೆಗಳಲ್ಲ. ಅರ್ಧ ಬೆಳೆದು ನಿಂತ ಅಂಡಕೋಶಗಳು. ರಕ್ತದಲ್ಲಿ ಹೆಚ್ಚಾದ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ, ಆಗ ಯಾವ ಕೋಶವೂ ಪೂರ್ತಿ ಬಲಿತು ಅಂಡ ಬಿಡುಗಡೆಯಾಗುವ ಹಂತಕ್ಕೆ ಸುಲಭವಾಗಿ ತಲುಪುವುದಿಲ್ಲ. ಮಗುವಿಗೆ ಅವುಗಳಿಂದ ಯಾವ ಒತ್ತಡವೂ ಇಲ್ಲ. ಕಾಡುವುದು ಅವುಗಳ ಹಿಂದಿರುವ ಇನ್ಸುಲಿನ್ ತೊಂದರೆ.

ಆಕೆಯ ಎತ್ತರ 154 ಸೆಂಟಿಮೀಟರ್. ಗರ್ಭಕ್ಕೆ ಮುಂಚೆ ತೂಕ 72 ಕಿಲೋ ಇತ್ತು. ಆಗ ನೋಡುತ್ತಿದ್ದ ವೈದ್ಯರು ಇನ್ಸುಲಿನ್ನಿನ ಕೆಲಸಕ್ಕೆ ನೆರವಾಗುವ ಮೆಟ್‌ಫಾರ್ಮಿನ್ ಮಾತ್ರೆ, ಫೋಲಿಕ್ ಆಮ್ಲ ಕೊಟ್ಟು, ತೂಕ ಇಳಿಸಿದ ಮೇಲೂ ಆಗದಿದ್ದರೆ ಲೆಟ್ರೊಜೋಲ್ ಕೊಡೋಣ ಎಂದಿದ್ದರು. ಸರಿಯಾದ ಸಲಹೆ. ಅಂಡ ಬಿಡುಗಡೆ ಮಾಡಿಸಲು ಇಂದು ಮೊದಲ ಆಯ್ಕೆಯಾಗಿರುವ ಲೆಟ್ರೊಜೋಲನ್ನು ಈ ಉದ್ದೇಶಕ್ಕೆ ಬಳಸಬಾರದೆಂದು ಭಾರತದಲ್ಲಿ 2011ರಲ್ಲಿ ನಿಷೇಧಿಸಿ, 2017ರಲ್ಲಿ ಆ ನಿಷೇಧ ತೆಗೆಯಲಾಯಿತು. ಆಕೆಗೆ ಅದು ಬೇಕಾಗಲಿಲ್ಲ. ಶಾಲೆಗೆ ನಡೆದೇ ಹೋಗಿ ಬರುತ್ತಾ ನಾಲ್ಕು ಕಿಲೋ ಇಳಿಸಿದರು, 68ಕ್ಕೆ ಬಂದಾಗ ತಾನಾಗಿಯೇ ಗರ್ಭ ನಿಂತಿತು. ತೂಕದಲ್ಲಿ ಶೇ 5ರಷ್ಟು ಇಳಿದರೂ ಕೆಲವರಿಗೆ ಅಂಡ ಬಿಡುಗಡೆ ಮತ್ತೆ ಶುರುವಾಗುತ್ತದೆ.

ವಾರಗಳ ಲೆಕ್ಕ

ಕೊನೆಯ ಮುಟ್ಟು ಜನವರಿ 4. ಸ್ಕ್ಯಾನ್ ಮಾಡಿಸಿದ್ದು ಮಾರ್ಚ್ 11. ಲೆಕ್ಕದಲ್ಲಿ 9 ವಾರ 3 ದಿನ. ಒಂಬತ್ತು ವಾರದ ಗರ್ಭದಲ್ಲಿ ಭ್ರೂಣವೂ ಹೃದಯದ ಬಡಿತವೂ ಸ್ಪಷ್ಟವಾಗಿ ಕಾಣಲೇಬೇಕು. ಕಾಣಲಿಲ್ಲವೆಂದರೆ ಗರ್ಭ ಹೋಗಿದೆ ಎಂದು ಬರೆಯುವುದು ಸಹಜ ಅನ್ನಿಸುತ್ತದೆ.

ಆದರೆ ಆ ಎಣಿಕೆ ನಿಂತಿರುವುದು ಒಂದು ಊಹೆಯ ಮೇಲೆ: ಮುಟ್ಟಾದ ಹದಿನಾಲ್ಕನೆಯ ದಿನದ ಹೊತ್ತಿಗೆ ಅಂಡ ಬಿಡುಗಡೆಯಾಗಿದೆ ಎಂಬ ಊಹೆ. 28 ದಿನಕ್ಕೆ ಮುಟ್ಟಾಗುವವರಿಗೆ ಅದು ಹೊಂದುತ್ತದೆ. 45 ದಿನ, 60 ದಿನಕ್ಕೆ ಮುಟ್ಟಾಗುವವರಿಗೆ ಹೇಗೆ ಹೊಂದೀತು? ವರದಿಯಲ್ಲಿದ್ದ ಗರ್ಭಚೀಲದ ಅಳತೆ 10 ಮಿಲಿಮೀಟರ್, ಒಳಗೆ ಹಳದಿ ಚೀಲ (ಭ್ರೂಣಕ್ಕೆ ಮೊದಲ ಪೋಷಣೆ ಕೊಡುವ ಪುಟ್ಟ ಚೀಲ) ಮಸುಕಾಗಿ ಕಂಡಿತ್ತು. ಅದು ಸುಮಾರು 5 ವಾರ 5 ದಿನದ ಆರೋಗ್ಯವಂತ ಗರ್ಭದ ಚಿತ್ರ. ಆ ಹೊತ್ತಿನಲ್ಲಿ ಭ್ರೂಣ ಕಾಣದಿರುವುದೇ ಸರಿ. ಆಕೆಗೆ ಅಂಡ ಬಿಡುಗಡೆಯಾಗಿದ್ದು ನಲವತ್ತನೆಯ ದಿನದ ಆಸುಪಾಸಿನಲ್ಲಿ ಎಂದಿಟ್ಟುಕೊಂಡರೆ ಎಲ್ಲವೂ ಹೊಂದಿಕೊಳ್ಳುತ್ತಿತ್ತು.

ಗರ್ಭ ಹೋಗಿದೆ ಎಂದು ಒಂದೇ ಸ್ಕ್ಯಾನಿನಲ್ಲಿ ಹೇಳಬೇಕಾದರೆ ಗರ್ಭಚೀಲ 25 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಒಳಗೆ ಭ್ರೂಣ ಇರಬಾರದು, ಇಲ್ಲವೇ ಭ್ರೂಣ 7 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಬಡಿತ ಇರಬಾರದು. ಅದಕ್ಕಿಂತ ಚಿಕ್ಕದಿದ್ದರೆ ಕಾಯಬೇಕು. ಹಳದಿ ಚೀಲ ಕಂಡಿದ್ದರೆ ಕನಿಷ್ಠ 11 ದಿನ ಬಿಟ್ಟು ಮತ್ತೆ ನೋಡಬೇಕು. ಈ ಅಳತೆಗಳು ಹುಟ್ಟಿರುವುದೇ ಬದುಕಿರುವ ಗರ್ಭವನ್ನು ಯಾರೂ ಅವಸರದಲ್ಲಿ ತೆಗೆಯಬಾರದೆಂದು. ಆಕೆಯ ಕೈಯಲ್ಲಿ ಆಗಲೇ ಮಾತ್ರೆಯ ಚೀಟಿ ಇತ್ತು ಎಂಬುದನ್ನು ನೆನೆದರೆ ಈಗಲೂ ನನಗೆ ಎದೆ ಝಲ್ಲೆನ್ನುತ್ತದೆ.

ಕಾಯುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. “ಇದೆಯೋ ಇಲ್ಲವೋ ಅಷ್ಟು ಹೇಳಿ ಮೇಡಂ, ಯಾವುದಾದರೂ ಸರಿ” ಎಂದು ಆಕೆ ಕೇಳಿದರು. ಇದೆ ಎಂದು ಮಾತು ಕೊಡುವಂತಿರಲಿಲ್ಲ. ಪಿಸಿಒಎಸ್ ಇರುವವರಲ್ಲಿ ಮೊದಲ ತಿಂಗಳುಗಳಲ್ಲಿ ಗರ್ಭಪಾತದ ಸಂಭವ ಉಳಿದವರಿಗಿಂತ ಸ್ವಲ್ಪ ಹೆಚ್ಚೇ. ಇಲ್ಲ ಎನ್ನುವುದಕ್ಕೆ ಆಧಾರವಿಲ್ಲ ಎಂದಷ್ಟೇ ಹೇಳಿದೆ. ರಕ್ತಸ್ರಾವ ಇರಲಿಲ್ಲವಾದ್ದರಿಂದ ಗರ್ಭ ಉಳಿಯಲೆಂದು ಕೊಡುವ ಪ್ರೊಜೆಸ್ಟರಾನ್ ಹಾರ್ಮೋನಿನ ಚುಚ್ಚುಮದ್ದು ಕೊಡಲಿಲ್ಲ. ಪಿಸಿಒಎಸ್ ಎಂದ ಕೂಡಲೇ ವಾರಕ್ಕೊಂದು ಚುಚ್ಚುಮದ್ದು ಬರೆಯುವ ರೂಢಿಗೆ ಗಟ್ಟಿ ಆಧಾರವಿಲ್ಲ. ಮೊದಲು ಗರ್ಭಪಾತವಾಗಿದ್ದು ಈಗ ರಕ್ತ ಕಾಣಿಸಿಕೊಂಡವರ ವಿಷಯ ಬೇರೆ.

ಮಾರ್ಚ್ 23ರಂದು ಯೋನಿಮಾರ್ಗದ ಸ್ಕ್ಯಾನಿನಲ್ಲಿ 12 ಮಿಲಿಮೀಟರಿನ ಭ್ರೂಣ ಕಂಡಿತು. ಬಡಿತ ನಿಮಿಷಕ್ಕೆ 150ರ ಮೇಲೆ. ವಯಸ್ಸು 7 ವಾರ 3 ದಿನ. ಹೆರಿಗೆಯ ನಿರೀಕ್ಷಿತ ದಿನ ಅಕ್ಟೋಬರ್ 11ರಿಂದ ನವೆಂಬರ್ 6ಕ್ಕೆ ಸರಿಯಿತು. 26 ದಿನಗಳ ವ್ಯತ್ಯಾಸ. ಹನ್ನೆರಡನೆಯ ವಾರದ ಸ್ಕ್ಯಾನ್ ಈ ದಿನಾಂಕವನ್ನೇ ದೃಢಪಡಿಸಿತು. ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಹಳೆಯ ದಿನಾಂಕ ಹೊಡೆದುಹಾಕಿ ಹೊಸದನ್ನು ಕೆಂಪು ಶಾಯಿಯಲ್ಲಿ ಬರೆದು, ಪಕ್ಕದಲ್ಲಿ “ಪಿಸಿಒಎಸ್ ಇದೆ, ಮುಟ್ಟಿನ ಲೆಕ್ಕ ನಂಬಬೇಡಿ” ಎಂದು ಸೇರಿಸಿದೆವು.

ಸಕ್ಕರೆ

ಮೊದಲ ಭೇಟಿಯ ಹೊತ್ತಿಗೇ 75 ಗ್ರಾಂ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಿದೆವು. ನಮ್ಮ ದೇಶದ ಸರ್ಕಾರಿ ಮಾರ್ಗಸೂಚಿಯೂ ಎಲ್ಲ ಗರ್ಭಿಣಿಯರಿಗೆ ಇದನ್ನು ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೆಯ ವಾರದಲ್ಲಿ ಮತ್ತೊಮ್ಮೆ ಮಾಡಬೇಕೆನ್ನುತ್ತದೆ. ಊಟ ಮಾಡಿ ಬಂದಿದ್ದರೂ ನಡೆಯುತ್ತದೆ, ಎರಡು ಗಂಟೆಯ ನಂತರ 140 ಅಥವಾ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. ಪಿಸಿಒಎಸ್ ಇರುವವರಲ್ಲಿ ಮೊದಲನೆಯದನ್ನು ಯಾವ ಕಾರಣಕ್ಕೂ ಬಿಡಬಾರದು. ಆಕೆಗೆ 132 ಬಂತು. ಗೆರೆಯ ಕೆಳಗೆ, ಆದರೆ ಗೆರೆಗೆ ಹತ್ತಿರ. ಆಕೆಯ ತಾಯಿಗೂ ಸಕ್ಕರೆ ಕಾಯಿಲೆ.

ಮೆಟ್‌ಫಾರ್ಮಿನ್ ಮುಂದುವರಿಸಬೇಕೇ? ಈ ಪ್ರಶ್ನೆ ಪ್ರತಿಯೊಬ್ಬರೂ ಕೇಳುತ್ತಾರೆ. ನಾರ್ವೆ, ಸ್ವೀಡನ್, ಐಸ್‌ಲ್ಯಾಂಡ್‌ಗಳಲ್ಲಿ ಪಿಸಿಒಎಸ್ ಇದ್ದ ಗರ್ಭಿಣಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮಾತ್ರೆ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಮಧುಮೇಹ ಬಂದ ಪ್ರಮಾಣ ಹೆಚ್ಚುಕಡಿಮೆ ಒಂದೇ: ನಾಲ್ವರಲ್ಲಿ ಒಬ್ಬರಿಗೆ. ಅವಧಿಗೆ ಮುನ್ನ ಹೆರಿಗೆ ಮತ್ತು ತಡವಾದ ಗರ್ಭಪಾತ ಸ್ವಲ್ಪ ಕಡಿಮೆಯಾದಂತೆ ಕಂಡರೂ ಖಚಿತವಾಗಿ ಹೇಳುವಷ್ಟು ಅಂತರವಿರಲಿಲ್ಲ. ಗರ್ಭದಲ್ಲಿದ್ದಾಗ ಈ ಮಾತ್ರೆಗೆ ಒಡ್ಡಿಕೊಂಡ ಮಕ್ಕಳು ಮುಂದೆ ಸ್ವಲ್ಪ ದಪ್ಪಗಾಗುವ ಒಲವೂ ಕಂಡುಬಂದಿದೆ. ಸಕ್ಕರೆ ಸರಿಯಿರುವಾಗ ಬರೀ ಮುಂಜಾಗ್ರತೆಗೆಂದು ಮುಂದುವರಿಸಲು ನನಗೆ ಮನಸ್ಸಾಗಲಿಲ್ಲ. ನಿಲ್ಲಿಸಿದೆವು.

ಗರ್ಭ ಬೆಳೆದಂತೆ ಮಾಸುವಿನ ಹಾರ್ಮೋನುಗಳು ಎಲ್ಲ ಗರ್ಭಿಣಿಯರಲ್ಲೂ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ಮೊದಲೇ ಇನ್ಸುಲಿನ್‌ಗೆ ಜಗ್ಗದ ದೇಹದಲ್ಲಿ ಇದು ಎರಡನೆಯ ಹೊರೆ. ಜುಲೈ ಕೊನೆಯಲ್ಲಿ, ಇಪ್ಪತ್ತೈದನೆಯ ವಾರಕ್ಕೆ, ಮರುಪರೀಕ್ಷೆಯಲ್ಲಿ 158 ಬಂತು.

ಮನೆಗೊಂದು ಗ್ಲೂಕೋಮೀಟರ್ ತರಿಸಿ, ತಿಂದದ್ದನ್ನೂ ಎರಡು ಗಂಟೆಯ ನಂತರದ ಅಂಕಿಯನ್ನೂ ಬರೆದಿಡಲು ಹೇಳಿದೆ. ಶಿಕ್ಷಕಿಯಲ್ಲವೇ, ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಬರೆದು ತಂದರು. ಒಂದು ದಿನದ ಸಾಲುಗಳು ಹೀಗಿದ್ದವು. ಬೆಳಗಿನ ಖಾಲಿ ಹೊಟ್ಟೆ: 101. ರಾಗಿ ಗಂಜಿ, ದೊಡ್ಡ ಲೋಟ, ಬೆಲ್ಲ ಹಾಕಿ: 151. ಮಧ್ಯಾಹ್ನ ಒಂದು ಮುದ್ದೆ, ಹುರುಳಿಕಾಳು ಬಸ್ಸಾರು, ಸೊಪ್ಪಿನ ಪಲ್ಯ: 117. ರಾತ್ರಿ ಎರಡು ಸಲ ಅನ್ನ, ತಿಳಿಸಾರು: 138. ಊಟವಾಗಿ ಎರಡು ಗಂಟೆಗೆ 120ರ ಒಳಗೆ, ಖಾಲಿ ಹೊಟ್ಟೆಯಲ್ಲಿ 95ರ ಒಳಗೆ ಇರಬೇಕು.

ಬೆಳಗಿನ ಅಂಕಿ ನೋಡಿ ಅತ್ತೆಯವರಿಗೆ ನಂಬಿಕೆಯೇ ಬರಲಿಲ್ಲ. “ರಾಗಿ ತಿಂದರೆ ಸಕ್ಕರೆ ಇಳಿಯುತ್ತದೆ ಅನ್ನುತ್ತಾರಲ್ಲ, ಅದಕ್ಕೇ ಬೆಳಿಗ್ಗೆ ನಾನೇ ಕಾಸಿಕೊಡುತ್ತಿದ್ದೆ.” ಪ್ರೀತಿಯಿಂದ ಮಾಡಿದ್ದು, ತಪ್ಪೆಂದು ಹೇಳಲು ನಾಲಗೆ ಏಳುವುದಿಲ್ಲ. ಆದರೆ ರಾಗಿಯೂ ಪಿಷ್ಟವೇ. ನುಣ್ಣಗೆ ಬೀಸಿ, ಜರಡಿ ಹಿಡಿದು, ನೀರಿನಲ್ಲಿ ಕುದಿಸಿ, ಬೆಲ್ಲ ಸೇರಿಸಿ ಗಟಗಟನೆ ಕುಡಿದರೆ ಅದು ಬೇಗನೆ ರಕ್ತಕ್ಕೆ ಇಳಿಯುತ್ತದೆ. ಅದೇ ಹಿಟ್ಟು ಮುದ್ದೆಯಾಗಿ ಕಾಳು, ಸೊಪ್ಪಿನ ಜೊತೆ ಹೊಟ್ಟೆಗೆ ಹೋದಾಗ ನಿಧಾನವಾಗುತ್ತದೆ, ಅದೂ ಒಂದೇ ಮುದ್ದೆಯಾದರೆ. ಈ ಪುಸ್ತಕದ ಎರಡು ಸಾಲುಗಳು ನನ್ನ ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ಆ ಮನೆಗೆ ಅರ್ಥ ಮಾಡಿಸಿದವು. ಗಂಜಿಯ ಜಾಗಕ್ಕೆ ನುಗ್ಗೆಸೊಪ್ಪು ಹಾಕಿದ ಒಂದು ರಾಗಿರೊಟ್ಟಿ, ಮೊಳಕೆ ಹೆಸರುಕಾಳು, ಮೊಟ್ಟೆ ಬಂದವು. ರಾತ್ರಿಯ ಅನ್ನ ಒಂದೇ ಸಲಕ್ಕೆ ನಿಂತಿತು. ಊಟದ ನಂತರ ಹದಿನೈದು ಇಪ್ಪತ್ತು ನಿಮಿಷ ಅಂಗಳದಲ್ಲಿ ನಡಿಗೆ. ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಿಂದ ಸಿಗುವ ಮೊಟ್ಟೆ, ಹಾಲು ಬಿಡಬೇಡಿ, ಚಿಕ್ಕಿಯನ್ನು ಮಾತ್ರ ಬೇರೆಯವರಿಗೆ ಕೊಡಿ ಎಂದೆ. ಸೀಮಂತದ ದಿನ ಅರ್ಧ ಹೋಳಿಗೆ ತಿಂದರು, ಅಂಕಿ 124. ಅದಕ್ಕೆ ಯಾರೂ ಬೈಯಲಿಲ್ಲ.

ಎರಡು ವಾರದಲ್ಲಿ ಊಟದ ನಂತರದ ಅಂಕಿಗಳೆಲ್ಲ ಹತೋಟಿಗೆ ಬಂದವು. ಖಾಲಿ ಹೊಟ್ಟೆಯದು ಮಾತ್ರ 98ರಿಂದ 104ರಲ್ಲೇ ನಿಂತಿತು. ಇಲ್ಲಿ ಗರ್ಭಿಣಿಯರು ತಮ್ಮನ್ನೇ ಶಪಿಸಿಕೊಳ್ಳುತ್ತಾರೆ, ರಾತ್ರಿ ಊಟವನ್ನೇ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬಾರದು. ಬೆಳಗಿನ ಆ ಸಕ್ಕರೆ ತಟ್ಟೆಯಿಂದ ಬಂದದ್ದಲ್ಲ, ರಾತ್ರಿಯಿಡೀ ಯಕೃತ್ತು ಬಿಡುಗಡೆ ಮಾಡಿದ್ದು. ಅದನ್ನು ತಡೆಯುವಷ್ಟು ಇನ್ಸುಲಿನ್ ಕೆಲಸ ಮಾಡುತ್ತಿಲ್ಲ. ಮಲಗುವಾಗ 6 ಯೂನಿಟ್ ಇನ್ಸುಲಿನ್ ಶುರು ಮಾಡಿದೆವು. “ಒಮ್ಮೆ ಹಿಡಿದರೆ ಸಾಯುವವರೆಗೂ ಬಿಡುವುದಿಲ್ಲವಂತೆ” ಎಂದು ಗಂಡ ಹಿಂಜರಿದರು. ಈ ಇನ್ಸುಲಿನ್ ಹೆರಿಗೆಯ ದಿನವೇ ನಿಲ್ಲುತ್ತದೆ, ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ ಎಂದು ಹೇಳಿ, ಮೊದಲ ಚುಚ್ಚನ್ನು ಅವರ ಕೈಯಿಂದಲೇ ಹಾಕಿಸಿದೆ. ಮೂವತ್ತನಾಲ್ಕನೆಯ ವಾರದ ಹೊತ್ತಿಗೆ 14 ಯೂನಿಟ್‌ಗೆ ಬಂದಿತ್ತು.

ಕೊನೆಯ ತಿಂಗಳು

ರಕ್ತದೊತ್ತಡದ ಮೇಲೆ ಮೊದಲಿನಿಂದಲೇ ಕಣ್ಣಿತ್ತು. ಮೊದಲ ಬಸಿರು, ಅಕ್ಕನಿಗೆ ಹಿಂದೆ ಗರ್ಭಿಣಿಯಾಗಿದ್ದಾಗ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗಿತ್ತು, ಮೇಲೆ ತೂಕ ಮತ್ತು ಪಿಸಿಒಎಸ್. ಹನ್ನೆರಡನೆಯ ವಾರದಿಂದ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ಮೂವತ್ತಾರನೆಯ ವಾರಕ್ಕೆ ನಿಲ್ಲಿಸಿದೆವು. ಇದನ್ನು ಹದಿನಾರನೆಯ ವಾರದೊಳಗೆ ಶುರು ಮಾಡಿದರೆ ಫಲ ಹೆಚ್ಚು. ವಾರದ ಲೆಕ್ಕ ಸರಿಯಿಲ್ಲದಿದ್ದರೆ ಇದೂ ತಪ್ಪುತ್ತದೆ.

ತಪ್ಪು ಲೆಕ್ಕ ಇನ್ನೂ ಎರಡು ಸಲ ತಲೆಯೆತ್ತಿತು. ಮೂವತ್ತೆರಡನೆಯ ವಾರದಲ್ಲಿ ಬೇರೆ ಕಡೆ ಮಾಡಿಸಿದ ಸ್ಕ್ಯಾನಿನಲ್ಲಿ ಯಾರೋ ಮುಟ್ಟಿನ ದಿನಾಂಕ ಕೇಳಿ ಹಾಕಿಕೊಂಡಿದ್ದರು. ವರದಿಯಲ್ಲಿ “ಮಗುವಿನ ಬೆಳವಣಿಗೆ ಸುಮಾರು ನಾಲ್ಕು ವಾರ ಹಿಂದಿದೆ” ಎಂದು ಅಚ್ಚಾಗಿ ಬಂತು. ಮಗು ಹಿಂದೆ ಬಿದ್ದಿರಲಿಲ್ಲ. ತೂಕ, ನೀರು, ರಕ್ತಸಂಚಾರ ಎಲ್ಲವೂ 32 ವಾರಕ್ಕೆ ತಕ್ಕಂತೆ ಇದ್ದವು. ಎರಡನೆಯದು ಅಕ್ಟೋಬರ್ 11. ಆಶಾ ಕಾರ್ಯಕರ್ತೆ ಫೋನ್ ಮಾಡಿ, ಕಂಪ್ಯೂಟರಿನಲ್ಲಿ ಇವತ್ತೇ ದಿನ ತುಂಬಿದೆ ಎಂದು ತೋರಿಸುತ್ತಿದೆ, ಇನ್ನೂ ಯಾಕೆ ದಾಖಲಾಗಿಲ್ಲ ಎಂದು ಕೇಳಿದರು. ಆಕೆ ತಮ್ಮ ಕರ್ತವ್ಯವನ್ನೇ ಮಾಡಿದ್ದರು. ಕಾರ್ಡಿನಲ್ಲಿ ತಿದ್ದಿದ್ದು ಕಂಪ್ಯೂಟರಿಗೆ ತಲುಪಿರಲಿಲ್ಲ. ಆ ದಿನ ಗರ್ಭಕ್ಕೆ ನಿಜವಾಗಿ 36 ವಾರ 2 ದಿನ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿತ್ತು. ಇನ್ಸುಲಿನ್ ಬೇಕಾದ ಗರ್ಭಿಣಿಯರಿಗೆ 38, 39ನೆಯ ವಾರದಲ್ಲಿ ನೋವು ಬರಿಸಿ ಹೆರಿಗೆ ಮಾಡಿಸುವುದು ಸಾಮಾನ್ಯ. ಹಳೆಯ ದಿನಾಂಕ ಹಿಡಿದಿದ್ದರೆ 38 ವಾರ ತುಂಬುವುದು ಸೆಪ್ಟೆಂಬರ್ 27ಕ್ಕೆ. ಮಗುವಿಗೆ ಆಗ ಆಗಿರುತ್ತಿದ್ದುದು 34 ವಾರ 2 ದಿನ. ಒಳ್ಳೆಯ ಉದ್ದೇಶದಿಂದ, ಮಾರ್ಗಸೂಚಿಯ ಪ್ರಕಾರವೇ, ಬಲಿಯದ ಶ್ವಾಸಕೋಶದ ಮಗುವೊಂದನ್ನು ಗಾಜಿನ ಪೆಟ್ಟಿಗೆಗೆ ಕಳುಹಿಸಿದಂತಾಗುತ್ತಿತ್ತು.

ಅಕ್ಟೋಬರ್ 19ರಂದು, 37 ವಾರ 3 ದಿನಕ್ಕೆ, ರಕ್ತದೊತ್ತಡ 142/92 ಬಂತು. ನಾಲ್ಕು ಗಂಟೆ ಬಿಟ್ಟು ನೋಡಿದಾಗ 144/94. ತಲೆನೋವಿಲ್ಲ, ಮೂತ್ರದಲ್ಲಿ ಪ್ರೋಟೀನ್ ಇಲ್ಲ, ಪ್ಲೇಟ್‌ಲೆಟ್ ಮತ್ತು ಯಕೃತ್ತಿನ ಪರೀಕ್ಷೆಗಳು ಸರಿ. 37 ವಾರ ದಾಟಿದ ಮೇಲೆ ಹೊಸದಾಗಿ ಒತ್ತಡ ಏರಿದರೆ ಕಾಯುವುದರಿಂದ ಲಾಭವಿಲ್ಲ. ದಾಖಲು ಮಾಡಿಕೊಂಡು ಮರುದಿನ ನೋವು ಬರಿಸಲು ಶುರು ಮಾಡಿದೆವು. ಪಿಸಿಒಎಸ್ ಇರುವವರಲ್ಲಿ ಸಿಸೇರಿಯನ್ ಹೆಚ್ಚು ಎಂಬುದು ನಿಜ, ಆದರೆ ಪಿಸಿಒಎಸ್ ಒಂದೇ ಸಿಸೇರಿಯನ್‌ಗೆ ಕಾರಣವಲ್ಲ. 21ರ ಸಂಜೆ ಸಹಜ ಹೆರಿಗೆಯಾಯಿತು. ಹೆಣ್ಣು ಮಗು, 2.8 ಕಿಲೋ, ಹುಟ್ಟಿದ ತಕ್ಷಣ ಅತ್ತಿತು. ಎರಡು ಗಂಟೆಗೆ ಮಗುವಿನ ಸಕ್ಕರೆ 41ಕ್ಕೆ ಇಳಿದಿತ್ತು; ಎದೆಗೆ ಹಚ್ಚಿ ಹಾಲು ಕುಡಿಸಿ ಮತ್ತೆ ನೋಡಿದಾಗ 56.

ಹೆರಿಗೆಯ ನಂತರ

ಹಾಲು ತಡವಾಗಿ ಬಂತು, ನಾಲ್ಕನೆಯ ದಿನಕ್ಕೆ. ಪಿಸಿಒಎಸ್ ಇರುವ ಕೆಲವರಲ್ಲಿ ಹೀಗಾಗುತ್ತದೆ. ಬಂದವರೆಲ್ಲ ಡಬ್ಬಿ ಹಾಲಿನ ಸಲಹೆ ಕೊಟ್ಟರು. ಎರಡು ಮೂರು ಗಂಟೆಗೊಮ್ಮೆ ಎದೆಗೆ ಹಚ್ಚಿಸಿ, ಕೈಯಿಂದ ಹಿಂಡಿದ ಹಾಲನ್ನು ಒಳಲೆಯಲ್ಲಿ ಕುಡಿಸಿ, ಮಗುವಿನ ತೂಕವನ್ನು ದಿನವೂ ನೋಡುತ್ತಾ ದಾಟಿಸಿದೆವು. ಅದೇ ನಾಲ್ಕನೆಯ ದಿನ ತಾಯಿಯ ರಕ್ತದೊತ್ತಡ 150/96ಕ್ಕೆ ಏರಿತು. ಹೆರಿಗೆಯಾಗಿ ಮೂರರಿಂದ ಆರನೆಯ ದಿನದವರೆಗೆ ಒತ್ತಡ ಏರುವುದುಂಟು, ಆ ಹೊತ್ತಿಗೆ ಎಷ್ಟೋ ಮಂದಿ ಮನೆ ಸೇರಿರುತ್ತಾರೆ. ಎರಡು ವಾರ ಒತ್ತಡ ಇಳಿಸುವ ನಿಫೆಡಿಪಿನ್ ಮಾತ್ರೆ ಬೇಕಾಯಿತು.

ಬಾಣಂತನಕ್ಕೆ ತವರಿಗೆ ಹೋಗುವ ಮೊದಲು ಆಕೆಯ ತಾಯಿಯವರ ಜೊತೆ ಕುಳಿತು ಮಾತಾಡಿದೆ. ನೀರು ಕಡಿಮೆ ಕೊಡಬೇಡಿ, ಅಂಟಿನುಂಡೆ ದಿನಕ್ಕೊಂದೇ ಸಾಕು, ಮಂಚ ಬಿಟ್ಟು ಓಡಾಡಲು ಬಿಡಿ. ಮಧುಮೇಹದ ಕಷ್ಟ ಬಲ್ಲ ತಾಯಿ ಒಪ್ಪಿಕೊಂಡರು. “ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ, ಸುಮ್ಮಸುಮ್ಮನೆ ಅಳು ಬಂದರೆ ಹೇಳಿಸಿ ಕಳುಹಿಸಿ” ಎಂದೂ ಹೇಳಿದೆ. ಪಿಸಿಒಎಸ್ ಇರುವವರಲ್ಲಿ ಖಿನ್ನತೆ, ಆತಂಕಗಳು ಹೆಚ್ಚು, ಮತ್ತು ಗರ್ಭ ಹೋಗಿದೆ ಎಂಬ ಮಾತನ್ನು ಕೇಳಿಸಿಕೊಂಡ ಹೆಣ್ಣು ಒಂಬತ್ತು ತಿಂಗಳೂ ಅದನ್ನು ಒಳಗೇ ಇಟ್ಟುಕೊಂಡಿರುತ್ತಾಳೆ.

ಆರನೆಯ ವಾರಕ್ಕೆ ಮತ್ತೆ 75 ಗ್ರಾಂ ಪರೀಕ್ಷೆ: ಖಾಲಿ ಹೊಟ್ಟೆಗೆ 97, ಎರಡು ಗಂಟೆಗೆ 136. ಸಕ್ಕರೆ ಕಾಯಿಲೆ ಇಲ್ಲ, ಆದರೆ ಮುಂದೆ ಬರುವ ಸಂಭವ ಇದೆ. ವರ್ಷಕ್ಕೊಮ್ಮೆ ಮಗಳ ಹುಟ್ಟುಹಬ್ಬದ ತಿಂಗಳಲ್ಲಿ ಪರೀಕ್ಷೆ ಮಾಡಿಸುವುದೆಂದು ಗೊತ್ತುಮಾಡಿಕೊಂಡೆವು. ಮುಂದಿನ ಗರ್ಭವನ್ನು ಸದ್ಯಕ್ಕೆ ತಡೆಯುವ ಮಾತು ಬಂದಾಗ, “ನನಗೆ ಹೇಗೂ ಸುಲಭಕ್ಕೆ ಆಗುವುದಿಲ್ಲವಲ್ಲ, ತಡೆಯುವುದಕ್ಕೆ ಯಾಕೆ ಮೇಡಂ?” ಎಂದು ಆಕೆ ಕೇಳಿದ್ದು ಆ ದಿನವೇ. ಅಂಡ ಯಾವಾಗ ಬಿಡುಗಡೆಯಾಗುತ್ತದೆ ಎಂದು ತಿಳಿಯದಿರುವುದು ಬೇರೆ, ಆಗುವುದೇ ಇಲ್ಲ ಎನ್ನುವುದು ಬೇರೆ; ಮುಟ್ಟು ತಡವಾಗುವುದು ಅಭ್ಯಾಸವಾಗಿರುವವರಿಗೆ ಮತ್ತೆ ಗರ್ಭ ನಿಂತರೂ ಮೂರು ತಿಂಗಳು ಗೊತ್ತಾಗದೆ ಹೋಗಬಹುದು. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗಿ, ವರ್ಷಗಳ ಮೇಲೆ ಅಲ್ಲಿ ಕ್ಯಾನ್ಸರ್ ಆಗುವ ಸಂಭವವೂ ಏರುತ್ತದೆ. ಎರಡಕ್ಕೂ ಒದಗುವ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿಯನ್ನು ಆಕೆ ಆಯ್ದುಕೊಂಡರು. ಎರಡನೆಯ ಮಗು ಬೇಕೆನಿಸಿದಾಗ ವಂಕಿ ತೆಗೆಸುವ ಮೊದಲೇ ಬಂದು ಸಕ್ಕರೆ, ತೂಕ, ರಕ್ತದೊತ್ತಡ ತೋರಿಸಬೇಕು, ಪರೀಕ್ಷೆಯಲ್ಲಿ ಗೆರೆ ಮೂಡಿದ ವಾರವೇ ಸ್ಕ್ಯಾನಿಗೆ ದಿನ ಗೊತ್ತುಮಾಡಿಕೊಳ್ಳಬೇಕು ಎಂದು ಕಾರ್ಡಿನಲ್ಲಿ ಬರೆದುಕೊಟ್ಟೆ.